ಏಳನೇ ನಂಬರಿನ ಐರನ್

ಕೋಣಂದೂರು
೧೨ ಫೆಬ್ರವರಿ ೧೯೮೪, ಭಾನುವಾರ ಮಧ್ಯಾಹ್ನ

ಪ್ರೀತಿಯ ವರದಾ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಇದೊಂದೇ ಉತ್ತರ. ಬೈದುಕೋ. ಸಾಗರದಲ್ಲಿ ನಿನ್ನ ಮನೆಯವರು, ಮಗ, ಶಾಲೆ, ಮಂಡಿನೋವಿನ ಅತ್ತೆ ಎಲ್ಲ ಸೌಖ್ಯವೆಂದು ನಂಬಿದ್ದೇನೆ. ‘ಇಲ್ಲಿ ನಾವೂ ಸೌಖ್ಯ’ ಎಂದು ಬರೆದು ಬರೆದು ಹರಿದುಹಾಕಿದೆ, ಅದಕ್ಕೇ ತಡವಾಯಿತು. ಪುಟ್ಟಿಗೆ ಒಂದೂವರೆ ವರ್ಷ ತುಂಬಿತು. ಅವಳಿಗೆ ಕಿವಿ ಕೇಳಿಸುತ್ತಿಲ್ಲವೆಂದು ನನಗೆ ಅನುಮಾನ. ಈ ಮನೆಯಲ್ಲಿ ಆ ಅನುಮಾನ ನನಗೊಬ್ಬಳಿಗೇ. ಮೈಸೂರಿನ ಕಿವಿ-ಮಾತಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸೋಣವೆಂದು ದೀಪಾವಳಿಯಿಂದ ಗೋಗರೆಯುತ್ತಿದ್ದೇನೆ. ನಿದ್ದೆಯೆಂಬುದು ನನ್ನನ್ನು ಬಿಟ್ಟೇ ಹೋಗಿದೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಇವರಿಗೆ ಪುರುಸೊತ್ತಿಲ್ಲ. ಯಾಕೆ ಗೊತ್ತೇನೆ? ಗಾಲ್ಫ್!

ನಗಬೇಡ. ಅಕ್ಕಿ ಗಿರಣಿ ನಡೆಸುವ ಮನುಷ್ಯನಿಗೆ, ಕೋಣಂದೂರಿನಲ್ಲಿ, ಗಾಲ್ಫ್. ಕಾಫಿ ಸೀಮೆಯಲ್ಲಿ ಮುಕುಂದಯ್ಯ ಎಂದು ಇವರ ದೊಡ್ಡಮ್ಮನ ಮಗ ಒಬ್ಬರಿದ್ದಾರೆ, ಅಲ್ಲಿನ ತೋಟದವರ ಕ್ಲಬ್ಬಿನ ಮೆಂಬರು. ಯಾವನೋ ಬಿಳಿ ದೊರೆ ಬಿಟ್ಟುಹೋದ ಹಳೆಯ ಕೋಲುಗಳನ್ನು ಇವರ ಕೈಗೆ ಕೊಟ್ಟು ಗೀಳು ಹಚ್ಚಿಬಿಟ್ಟರು. ಭಾನುವಾರ ಬಂತೆಂದರೆ ಜೀಪು ಅತ್ತ ಹೊರಟಿತು. ಮಿಕ್ಕ ದಿನ ಗಿರಣಿಯ ಹಿಂದಿನ ಕೊಯ್ದ ಗದ್ದೆಯಲ್ಲಿ ಬಗ್ಗಿ ನಿಂತು, ಸೊಂಟ ತಿರುಗಿಸಿ, ಮಣ್ಣು ಕೀಳುತ್ತಾರೆ. ಗಿರಣಿಯ ಆಳುಗಳು ಮೂಟೆಗಳ ಮರೆಗೆ ಹೋಗಿ ನಕ್ಕು ಬರುತ್ತಾರೆ.

ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತವರು, “ಮುಂದಿನ ವಾರ ಹೊಸ ಐರನ್ ಬರ್ತದೆ, ಫಾರಿನ್ ಮಾಡೆಲ್” ಎಂದರು. ಕಬ್ಬಿಣದ ತಲೆಯ ಗಾಲ್ಫ್ ಕೋಲಿಗೆ ಐರನ್ ಎಂದೇ ಹೆಸರು. ನಮ್ಮತ್ತೆ ದುಗ್ಗಮ್ಮನವರಿಗೆ ಅದೆಲ್ಲಿ ಗೊತ್ತಾಗಬೇಕು? ಇಸ್ತ್ರಿಪೆಟ್ಟಿಗೆ ಎಂದುಕೊಂಡರು. “ಇದ್ದಲಿನ ಪೆಟ್ಟಿಗೆಗೆ ಎಂತ ಆಗಿತ್ತಾ ಮಾರಾಯ? ನಮ್ಮೂರಲ್ಲಿ ಕರೆಂಟು ಇರೋದೇ ಯಾವಾಗ?” ಎಂದು ಗೊಣಗಿದರೂ, ಖುಷಿ ತಡೆಯಲಾರದೆ ಪಕ್ಕದ ಮನೆಯ ಶಾಂತಮ್ಮನಿಗೆ ಹೇಳಿ ಬಂದರು. ಐರನ್ ಬಂದ ದಿನ ಶಾಂತಮ್ಮ ಮದುವೆಗೆ ಉಡುವ ರೇಷ್ಮೆ ಸೀರೆ ಹಿಡಿದುಕೊಂಡು ಬಂದು ಜಗುಲಿಯಲ್ಲಿ ಕೂತರು. ಇವರು ಚೀಲ ಬಿಚ್ಚಿ ಕೋಲುಗಳನ್ನು ಒಂದೊಂದಾಗಿ ಹೊರಗೆ ತೆಗೆದರು.

“ಇದ್ರಲ್ಲಿ ಸೀರೆ ಹೆಂಗೆ ಉಜ್ಜೋದು, ಗೌಡ್ರೆ?”

ಎಷ್ಟೋ ಕಾಲದ ಮೇಲೆ ನಾನು ಗಟ್ಟಿಯಾಗಿ ನಕ್ಕೆ. ಇವರು ನಗಲಿಲ್ಲ. ಒಂದು ಕೋಲು ಎತ್ತಿ ಹಿಡಿದು, “ಇದು ಏಳನೇ ನಂಬರು. ಹಳೇ ಏಳಕ್ಕಿಂತ ಎಷ್ಟೋ ಗಜ ದೂರ ಹೊಡೀತದೆ. ಸೈನ್ಸು, ತುಂಗಾ, ಸೈನ್ಸು!” ಎಂದರು.

ನೋಡು, ಇದನ್ನು ಇವರು ಫಿಸಿಕ್ಸಿನಲ್ಲಿ ಫಸ್ಟ್ ಕ್ಲಾಸ್ ಬಂದವಳಿಗೆ ಹೇಳುವುದು! ನಾವಿಬ್ಬರೂ ಹಾಸ್ಟೆಲಿನಲ್ಲಿದ್ದಾಗಿನ ನನ್ನ ಕಂಪಾಸು ಪೆಟ್ಟಿಗೆ ಟ್ರಂಕಿನ ತಳದಲ್ಲಿತ್ತು. ಕೋನಮಾಪಕ ತೆಗೆದೆ, ನೂಲಿಗೆ ಬೀಗದ ಕೈ ಕಟ್ಟಿ ಇಳಿಬಿಟ್ಟೆ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ನಿಲ್ಲಿಸಿ ಅಳೆದೆ. ನಂಬರು ದೊಡ್ಡದಾದಷ್ಟೂ ಕೋಲಿನ ಮುಖ ಹಿಂದಕ್ಕೆ ಮಲಗಿರುತ್ತದೆ, ಚೆಂಡು ಮೇಲಕ್ಕೆದ್ದು ಹತ್ತಿರದಲ್ಲೇ ಬೀಳುತ್ತದೆ. ಈ ಹೊಸ ಏಳು ಹಳೆಯ ಏಳರಷ್ಟು ಮಲಗಿರಲೇ ಇಲ್ಲ. ಹಳೆಯ ಆರರ ಓರೆ ಎಷ್ಟೋ ಇದರದೂ ಅಷ್ಟೇ, ಉದ್ದವೂ ಅಷ್ಟೇ.

“ನಿಮ್ಮ ಹೊಸ ಏಳು ಅಂದ್ರೆ ಹಳೇ ಆರು ಕಣ್ರಿ. ಅಂಕಿ ಬೇರೆ ಕೆತ್ತಿದಾರೆ, ಅಷ್ಟೇ. ದೂರ ಹೋಗದೆ ಇನ್ನೇನು?”

“ನಿಂಗೆ ಆಟ ಗೊತ್ತಿಲ್ಲ. ಇದ್ರಲ್ಲಿ ಅಂಚಿಗೆ ಭಾರ ಕೊಟ್ಟಿದಾರೆ. ಸ್ವಲ್ಪ ತಪ್ಪಿ ಹೊಡೆದ್ರೂ ಚೆಂಡು ನೆಟ್ಟಗೆ ಹೋಗ್ತದೆ.”

ಅದೊಂದು ನಿಜವೇ ಇರಬಹುದು, ಒಪ್ಪಿದೆ. ತಪ್ಪಿ ಹೊಡೆಯುವವರಿಗೆ ಉಪಕಾರವಾಗಲೆಂದೇ ಮಾಡಿದ್ದಾರೆ ಎಂದಾದರೆ ಇವರಿಗಿಂತ ಯೋಗ್ಯ ಗಿರಾಕಿ ಇನ್ನೊಬ್ಬ ಸಿಕ್ಕಲಾರ. ಇವರು ಮಾತ್ರ ಮಾರನೆಯ ಭಾನುವಾರ ಕ್ಲಬ್ಬಿನಿಂದ ಬಂದು, “ಏಳನೇ ನಂಬರಲ್ಲಿ ಮುಕುಂದನನ್ನು ಹಿಂದೆ ಹಾಕಿದೆ” ಎಂದು ಎದೆ ಉಬ್ಬಿಸಿದರು. ಮನುಷ್ಯ ಒಂದು ಅಂಕಿಗೆ ಇಷ್ಟು ಸುಲಭವಾಗಿ ಮೋಸಹೋಗುತ್ತಾನೆಯೇ!

ಪುಟ್ಟಿಯ ವಿಷಯದಲ್ಲೂ ಇದೇ ವಿದ್ಯೆ. ಮೊದಲು ‘ಸಾಧು ಮಗು’ ಎಂದರು. ಆಮೇಲೆ ‘ನಿಧಾನದ ಮಗು’ ಆಯಿತು. ಈಗ, ಕರೆದರೆ ತಿರುಗುವುದಿಲ್ಲವಾದ್ದರಿಂದ, ‘ಅಮ್ಮನ ಹಾಗೇ ಹಟಮಾರಿ’. ಆರಕ್ಕೆ ಏಳೆಂದು ಹೆಸರಿಟ್ಟು ಹಿಗ್ಗುವವರಿಗೆ ಇದೇನು ಕಷ್ಟ? ಅತ್ತೆ ದಿನಾ ಬೆಳಗ್ಗೆ ಬಜೆ ತೇಯ್ದು ಅವಳ ನಾಲಿಗೆಗೆ ಹಚ್ಚುತ್ತಾರೆ, ಮಾತು ಬರಲೆಂದು. ಪಾಪ, ಮಗು ಮುಖ ಹಿಂಡಿಕೊಂಡು ನನ್ನ ಕಡೆ ನೋಡುತ್ತದೆ. ತಡೆಯಲಾರದೆ ಒಂದು ದಿನ ಹೇಳಿದೆ, “ಅತ್ತೆಮ್ಮಾ, ತೊಂದರೆ ನಾಲಿಗೇದಲ್ಲ, ಕಿವೀದು.”

“ಕಿವಿಗೆ ಯಾರಾದ್ರೂ ಬಜೆ ಹಾಕ್ತಾರೇನೆ? ಕಾಲೇಜಲ್ಲಿ ಇದೇ ಕಲ್ಸಿದ್ದಾ ನಿಂಗೆ? ನನ್ನ ಮಗನೂ ಮೂರು ವರ್ಷ ಆದ್ಮೇಲೇ ಬಾಯಿ ಬಿಟ್ಟಿದ್ದು. ಈಗ ನೋಡು, ನಿಲ್ಸೋದೇ ಇಲ್ಲ.”

ಕೊನೆಯ ಮಾತಿಗೆ ನನ್ನ ತಕರಾರಿಲ್ಲ.

ವರದಾ, ನಾನು ತೀರ್ಮಾನ ಮಾಡಿದ್ದೇನೆ. ಮಂಡಗದ್ದೆಗೆ, ಅಮ್ಮನ ಮನೆಗೆ ಎಂದು ಹೇಳಿ ಹೊರಡುತ್ತೇನೆ. ನೀನು ರಜೆ ಹಾಕಿ ಶಿವಮೊಗ್ಗದ ಬಸ್‌ಸ್ಟ್ಯಾಂಡಿಗೆ ಬಾ, ಅಲ್ಲಿಂದ ಇಬ್ಬರೂ ಮೈಸೂರಿಗೆ ಹೋಗೋಣ. ಡಾಕ್ಟರು ಏನು ಹೇಳುತ್ತಾರೋ ಅದನ್ನು ನಾನೊಬ್ಬಳೇ ನಿಂತು ಕೇಳಲಾರೆ. ಯಾವ ದಿನವೆಂದು ಬರೆ, ಅಮ್ಮನ ವಿಳಾಸಕ್ಕೆ ಬರೆ.

ನಿನ್ನ ಮಗ ಶಾಲೆಯಿಂದ ಬಂದವನೇ ಮನೆ ಹಾರಿಹೋಗುವಂತೆ ಕೂಗಾಡುತ್ತಾನೆ, ತಲೆ ಸಿಡಿಯುತ್ತದೆ ಎಂದು ಬರೆದಿದ್ದೀಯ. ಬೈಯಬೇಡ ಕಣೇ. ಅವನು ನೂರು ವರ್ಷ ಹಾಗೇ ಕೂಗಾಡಿಕೊಂಡು ಬಾಳಲಿ.

ಇಂತಿ ನಿನ್ನ
ತುಂಗಾ

ತಾ.ಕ.: ಅನುಮಾನ ನನಗೊಬ್ಬಳಿಗೇ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಮೊನ್ನೆ ಬೆಳಗ್ಗೆ ಬಟ್ಟೆ ಒಣಹಾಕಿ ಹಿತ್ತಿಲಿನಿಂದ ಬರುತ್ತಿದ್ದೆ. ಪುಟ್ಟಿ ಅಂಗಳದಲ್ಲಿ ಕೂತು ಬಟ್ಟಲಿಗೆ ಮಣ್ಣು ತುಂಬುತ್ತಿದ್ದಳು. ಇವರು ಅವಳ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಹಳೆಯ ಐರನ್ನುಗಳೆರಡನ್ನು ಒಂದಕ್ಕೊಂದು ಬಡಿದರು. ಆಮೇಲೆ ಹೊಸವನ್ನು ಬಡಿದರು, ಇನ್ನೂ ಜೋರಾಗಿ. ಮಾಡಿನ ಮೇಲಿನ ಕಾಗೆ ಹಾರಿಹೋಯಿತು. ಅವಳು ಮಣ್ಣು ತುಂಬುತ್ತಲೇ ಇದ್ದಳು. ನನ್ನನ್ನು ಕಂಡು ಇವರು ತಟ್ಟನೆ ಎದ್ದು, “ಹೊಸದರ ಸದ್ದು ಹೆಂಗಿದೆ ಅಂತ ನೋಡ್ತಿದ್ದೆ” ಎಂದರು.

“ಹೇಗಿದೆ?” ಎಂದೆ.

“ಎರಡೂ ಒಂದೇ.”

ಇವರಿಗೆ ಗೊತ್ತಿದೆ, ವರದಾ. ನನಗೆ ಗೊತ್ತಿರುವುದೂ ಇವರಿಗೆ ಗೊತ್ತಿದೆ. ಇವತ್ತು ಬೆಳಗ್ಗೆ ಮತ್ತೆ ಚೀಲ ಹೆಗಲಿಗೇರಿಸಿ ಜೀಪು ಹತ್ತಿದರು.