ತುಂಬಿನಿಂದ ಜಾರಿದವಳು

ಕೊಣನೂರು
೧೨-೯-೧೯೬೨

ಮಗಳು ಮುದ್ದಮ್ಮನಿಗೆ ಅವ್ವ ಬರೆಯುವುದು.

ಚನ್ನರಾಯಪಟ್ಟಣದಲ್ಲಿ ನೀನು, ಅಳಿಯ ಪಾಲಾಕ್ಷ ಸುಖವಾಗಿದ್ದೀರಿ ತಾನೆ? ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ತಪ್ಪು ತಿಳಿಯಬೇಡ. ಹಾಸನದ ಆಸ್ಪತ್ರೆಯಲ್ಲಿ ನನ್ನ ಕಣ್ಣಿನ ಪೊರೆ ತೆಗೆದರು. ಎಂಟು ದಿನ ಪಟ್ಟಿ ಕಟ್ಟಿದ್ದರು. ಹೆದರಬೇಡ, ಈಗ ಕಾಣುತ್ತದೆ. ಅಕ್ಷರ ಸೊಟ್ಟಗಿದ್ದರೆ ಅದು ಕಣ್ಣಿನದಲ್ಲ, ನನ್ನನ್ನು ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರಲ್ಲ, ಅದಕ್ಕೆ. ಐದು ವರ್ಷದಿಂದ ನೀನು ಮನೆಗೆ ಬಂದಿಲ್ಲ. ಈ ಸಲ ಬರಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಗೆ ಒಬ್ಬ ಪಾದ್ರಿ ದಿನಾ ಬಂದು ರೋಗಿಗಳ ಹತ್ತಿರ ಕೂರುತ್ತಿದ್ದರು. ದೇವರೆಂದರೆ ಎಲ್ಲೋ ಒಂದು ಕಡೆ ಕೂತವನಲ್ಲ, ಏನೂ ಕೊರತೆಯಿಲ್ಲದ ತುಂಬು ಎಂದರು. ಬಹಳ ಹಿಂದೆ ಕೆಲವರು ಒಂದು ಕಥೆ ಹೇಳುತ್ತಿದ್ದರಂತೆ. ಆ ತುಂಬಿನೊಳಗೆ ದೇವರ ಮಕ್ಕಳೆಲ್ಲ ಇದ್ದರಂತೆ, ಕಿರಿಯವಳು ಮಾತ್ರ ಆಚೆಗೆ ಜಾರಿದಳಂತೆ.

ಪಕ್ಕದ ಮಂಚದ ಕಟ್ಟಾಯದ ಗುರುಸಿದ್ದಮ್ಮ ಬಿಡುತ್ತಾಳೆಯೇ? “ಅಂಗ್ ತುಂಬಿರೋ ತಾವಿಂದ ಎಂಗ್ ಬಿದ್ಲು ಸಾ? ತೂತಿತ್ತಾ?”

ಪಾದ್ರಿ ನಕ್ಕುಬಿಟ್ಟರು. “ತೂತಲ್ಲ ಕಣಮ್ಮ, ಆಸೆ. ಅಪ್ಪನ್ನ ಪೂರ್ತಿ ತಿಳ್ಕೋಬೇಕು ಅನ್ನೋ ಆಸೆ.”

“ಓಗ್ಲಿ ಬುಡಿ, ಮಿಕ್ಕೋರು ಸುಖವಾಗಿದ್ರಲ್ಲ.”

“ಎಲ್ಲಿ ಸುಖ? ಅವಳು ಬರೋ ತನಕ ಆ ತುಂಬೂ ತುಂಬಲ್ಲವಂತೆ. ಒಳಗಿದ್ದೋರೆಲ್ಲ ಸೇರಿ ಒಬ್ಬನ್ನ ಹುಡುಕೋಕೆ ಕಳಿಸಿದ್ರಂತೆ.”

ತಮ್ಮ ಕ್ರೈಸ್ತ ಸಭೆ ಆ ಕಥೆ ಒಪ್ಪುವುದಿಲ್ಲವೆಂದೂ ಅವರೇ ಹೇಳಿದರು. ಆ ತುಂಬೆಲ್ಲ ಯೇಸುವಿನ ಮೈಯಲ್ಲಿ, ಹಸಿಯುವ, ಗಾಯವಾಗುವ ಮೈಯಲ್ಲೇ ನೆಲೆಸಿತು ಎಂದು ಅವರ ನಂಬಿಕೆ. ನನಗೆ ಎರಡೂ ಪೂರ್ತಿ ತಿಳಿಯಲಿಲ್ಲ. ಆದರೆ ಪಟ್ಟಿಯ ಕತ್ತಲೆಯೊಳಗೆ ಮೈ ಜುಮ್ಮೆಂದಿತು. ಅಷ್ಟು ದೊಡ್ಡ ತುಂಬಿಗೂ ಒಬ್ಬ ಮಗಳಿಲ್ಲದಿದ್ದರೆ ಕೊರತೆಯೇ! ಪಟ್ಟಿ ಬಿಚ್ಚಿದ ಬೆಳಿಗ್ಗೆ ಗೋಡೆ, ನೀರಿನ ಲೋಟ, ಗುರುಸಿದ್ದಮ್ಮನ ಬೊಚ್ಚು ಬಾಯಿ, ಎಲ್ಲದರಲ್ಲೂ ಬೆಳಕು ತುಂಬಿ ನಿಂತಿತ್ತು. ಕೈ ಮುಗಿದೆ. ಯಾರಿಗೆಂದು ಗೊತ್ತಿಲ್ಲ.

ಮುದ್ದೀ, ಈ ತಿಂಗಳ ಕೊನೆಗೆ ಮಹಾಲಯ ಅಮಾವಾಸ್ಯೆ. ನೀನು ಜಾತಿ ಬಿಟ್ಟು ಮದುವೆಯಾದಂದಿನಿಂದ ಸತ್ತವರ ಜೊತೆ ನಿನ್ನ ಹೆಸರಿಗೂ ಎಡೆ ಇಡುತ್ತಿರುವುದು ನಿನಗೆ ಗೊತ್ತು. ಬದುಕಿರುವವಳಿಗೆ ಎಡೆ! ನಿನಗೆ ಜ್ವರವೆಂದು ಕೇಳಿದರೂ ಅದರಿಂದಲೇ ಬಂತೆಂದು ನಡುಗುತ್ತೇನೆ. ಈ ಸಲ ಎಡೆ ಬೇಡ, ಅವಳನ್ನೇ ಕರೆಯೋಣ ಎಂದು ನಿಮ್ಮಪ್ಪನಿಗೆ ಹೇಳಿದೆ. “ಬರ್ಲಿ ಕಣೆ, ನನ್ ಪಕ್ಕಕ್ಕೆ ಎಲೆ ಆಕು” ಎಂದವರು ಟವೆಲ್ಲು ಮುಖಕ್ಕೆ ಒತ್ತಿಕೊಂಡು ಎದ್ದುಹೋದರು.

ಅಳಿಯನನ್ನೂ ಕರೆದುಕೊಂಡು ಬಾ. ಅರಕಲಗೂಡಿನಲ್ಲಿ ಬಸ್ಸು ಬದಲಿಸುವಾಗ ಹುಷಾರು. ಇಬ್ಬರೂ ತಣ್ಣಗೆ ಬಾಳಿ.

ನಿನ್ನ ಅವ್ವ
ಪುಟ್ಟತಾಯಮ್ಮ

ಮತ್ತೆ ಒಂದು ಮಾತು: ಎಡೆ ಇಡಿಸಿದ್ದು ಅಪ್ಪನೆಂದು ಇಷ್ಟು ವರ್ಷ ನೀನು ಅವರಿಗೆ ಒಂದು ಸಾಲೂ ಬರೆಯಲಿಲ್ಲ. ಇಡಿಸಿದ್ದು ನಾನು. ನೀನು ನಮ್ಮ ಪಾಲಿಗೆ ಸತ್ತೆಯೆಂದು ಊರಿಗೆ ತೋರಿಸದಿದ್ದರೆ ನಿನ್ನ ತಂಗಿಗೆ ಗಂಡು ಸಿಗದೆ ಹೋದೀತೆಂದು ಹೆದರಿದೆ. ಮೊದಲ ವರ್ಷ ಅವರು ಆ ಎಲೆಯನ್ನು ಕಿತ್ತುಕೊಂಡರು. ನಾನು ಇನ್ನೊಂದು ಎಲೆ ಹಾಕಿ ಬಡಿಸಿದೆ.