ಸದ್ದು ಮಾಡದ ಗಂಟೆ

ಹರಿಹರ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಬುಷ್ರಾ,

ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯದೆ ಕೂತವಳ ಮೇಲೆ ನಿನಗೆ ಸಿಟ್ಟು ಬಂದಿರಲಾರದು. ಬಂದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಸ್ಕೂಲಿನಲ್ಲಿ ಬೆಂಚಿನ ಕೆಳಗೆ ನಾವು ದಾಟಿಸುತ್ತಿದ್ದ ಚೀಟಿಗಳು ಇಂಗ್ಲಿಷಿನಲ್ಲೇ ಇರುತ್ತಿದ್ದವು, ಸಿಸ್ಟರ್ ಕೈಗೆ ಸಿಕ್ಕರೂ ಶಿಕ್ಷೆ ಕಡಿಮೆಯಾಗಲಿ ಎಂದು. ಈ ಪತ್ರವನ್ನೂ ಎರಡು ಸಲ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಎರಡೂ ರಜೆ ಅರ್ಜಿಯ ಹಾಗೆ ಬಂದವು. ಕಾಗುಣಿತ ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ನಿನ್ನ ಮಂಡಿ ನೋವು ಹೇಗಿದೆ? ಹೊಸಪೇಟೆಯ ಆ ಮೂರನೇ ಮಹಡಿಯ ಮನೆ ಬಿಡು ಎಂದು ಎಷ್ಟು ಸಲ ಹೇಳಿದೆ. ನಾನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಪಿ.ಜೆ. ಬಡಾವಣೆಯ ಅದೇ ಕಣ್ಣಿನ ಕ್ಲಿನಿಕ್ಕು, ಅದೇ ಕುರ್ಚಿ. ದಾವಣಗೆರೆಗೆ ರಶ್ಮಿತಾ ಕಾಲೇಜಿಗೆಂದು ಹತ್ತುತ್ತಿದ್ದ ಎಂಟೂಕಾಲರ ಬಸ್ಸನ್ನು ಬಿಟ್ಟು ಅದಕ್ಕಿಂತ ಮೊದಲಿನದನ್ನು ಹಿಡಿಯುತ್ತೇನೆ.

ಮಗಳು ಹೋಗಿ ಏಳು ತಿಂಗಳಾಯಿತು. ನಿನ್ನ ಸುಮೈರಾ ಅವಳಿಗೊಂದು ದಪ್ಪ ಇಂಗ್ಲಿಷ್ ಕಾದಂಬರಿ ಕೊಟ್ಟಿದ್ದಳಲ್ಲ, ಯಾವುದೋ ಮಾಯಾಲೋಕದ ಕಥೆ? ಅದರ ಐದೂ ಭಾಗಗಳನ್ನು ಇವಳು ಮೂರು ಮೂರು ಸಲ ಓದಿದ್ದಳು. ಆರನೆಯದಕ್ಕೆ ಮೊದಲೇ ಆರ್ಡರ್ ಮಾಡಿಟ್ಟಿದ್ದಳಂತೆ. ಡಿಸೆಂಬರಿನಲ್ಲಿ ಅವಳ ಹೆಸರಿಗೆ ಪಾರ್ಸೆಲ್ ಬಂತು. ಕೊರಿಯರ್‌ನವನು "ರಶ್ಮಿತಾ ಅವರು ಅದಾರೇನ್ರಿ?" ಅಂದ. ನಾನು ಸಹಿ ಮಾಡಿ ತೆಗೆದುಕೊಂಡೆ.

ಬದುಕಿದ್ದಾಗ ಅವಳು ಕಥೆ ಹೇಳಲು ಬಂದರೆ, "ಪರೀಕ್ಷೆ ಮುಗೀಲಿ" ಎನ್ನುತ್ತಿದ್ದೆ. ಈಗ ಐದನ್ನೂ ಓದಿದ್ದೇನೆ, ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದ ಕಡೆಯೆಲ್ಲ ನಿಂತು ನಿಂತು. ಆ ಲೋಕದಲ್ಲಿ ಮಗು ಹುಟ್ಟಿದ ಕೂಡಲೇ ಅದರ ಕೊರಳಿಗೆ ಒಂದು ಪುಟ್ಟ ಗಂಟೆ ಕಟ್ಟುತ್ತಾರೆ. ಸತ್ತ ಮೇಲೆ ಆತ್ಮ ಒಂದು ಮಂಜಿನ ಕಣಿವೆ ದಾಟಬೇಕು. ಅಲ್ಲಿ ಕಣ್ಣು ಕಾಣುವುದಿಲ್ಲ, ತನ್ನದೇ ಗಂಟೆಯ ಸದ್ದು ಹಿಡಿದು ನಡೆಯಬೇಕು. ಮೀರೆನ್ ಎಂಬ ಹುಡುಗಿ ಮಾತ್ರ ಮೂರು ಭಾಗಗಳಿಂದ ಅಲ್ಲೇ ಸುತ್ತುತ್ತಿದ್ದಾಳೆ. ಯಾಕೆಂದು ಲೇಖಕಿ ಹೇಳಿಲ್ಲ.

ಇದರ ಬಗ್ಗೆ ವಾದ ಮಾಡುವುದಕ್ಕೆಂದೇ ಇಂಟರ್‌ನೆಟ್ಟಿನಲ್ಲಿ ಒಂದು ದೊಡ್ಡ ಗುಂಪಿದೆ, ಬುಷ್ರಾ. ಮೀರೆನ್ ಸತ್ತೇ ಇಲ್ಲ ಎನ್ನುವವರಿದ್ದಾರೆ. ಶಾಪ ತಗುಲಿದೆ, ಇನ್ನೊಂದು ಹುಟ್ಟಿಗೆ ಕಾಯುತ್ತಿದ್ದಾಳೆ ಎನ್ನುವವರಿದ್ದಾರೆ. ನಮ್ಮ ರಶ್ಮಿತಾ ಅಲ್ಲಿ ಹನ್ನೊಂದು ಪುಟದಷ್ಟು ಉದ್ದದ ಥಿಯರಿ ಬರೆದಿದ್ದಳು. ಮೀರೆನ್ ಕೊರಳಲ್ಲಿ ಗಂಟೆಯೇ ಇಲ್ಲ, ಅದನ್ನು ಅವಳ ತಾಯಿ ಇಟ್ಟುಕೊಂಡಿದ್ದಾಳೆ ಎಂದು. ಅದಕ್ಕೆ ಸಾಕ್ಷಿ ಎರಡನೇ ಭಾಗದ ಒಂದೇ ಒಂದು ಸಾಲು: ತಾಯಿ ಮನೆಯೊಳಗೆ ಓಡಾಡುವಾಗ ಸೊಂಟದ ಗಂಟನ್ನು ಅಂಗೈಯಿಂದ ಒತ್ತಿ ಹಿಡಿದಿರುತ್ತಾಳೆ. ಅದು ಸದ್ದು ಮಾಡದಿರಲೆಂದು ಹಾಗೆ ಹಿಡಿದಿದ್ದಾಳೆ ಎನ್ನುವುದು ಇವಳ ವಾದ. ಅನೇಕರು ನಕ್ಕಿದ್ದರು. ಒಬ್ಬರು, ಇದು ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದ್ದಕ್ಕೆ ಇವಳ ಉತ್ತರ: "ನಮ್ಮಲ್ಲೂ ಹಾಗೆಯೇ. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಕೊನೆಗೆ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಅವರವರದು ಅವರವರ ಕೈಯಲ್ಲೇ ಇರಬೇಕು ಅಂತಾರೆ ನಮ್ಮಜ್ಜ."

ಆ ಅಜ್ಜನ, ಎಂದರೆ ನಮ್ಮ ಮಾವನವರ ಸುದ್ದಿಯನ್ನೇ ಬರೆಯಬೇಕಿತ್ತು. ರಶ್ಮಿತಾಗೆ ಎಂಟು ವರ್ಷವಾದಾಗ ಅವರೇ ಮುಂದೆ ನಿಂತು ದೀಕ್ಷೆ ಕೊಡಿಸಿ, ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿಟ್ಟು ಕೊರಳಿಗೆ ಹಾಕಿದ್ದರು. ಅವಳನ್ನು ಮಣ್ಣು ಮಾಡುವ ದಿನ ಅಯ್ಯನವರು "ಮಗಳ ಲಿಂಗ ಎಲ್ಲೈತವ್ವ?" ಎಂದು ಕೇಳಿದಾಗ, ದಾರ ಹರಿದು ಬಸ್ಸಿನಲ್ಲಿ ಬಿದ್ದುಹೋಯಿತೆಂದು ನಾನು ಹೇಳಿದ್ದೆ. ಅವರು ತಮ್ಮ ಜೋಳಿಗೆಯಿಂದ ಹೊಸದೊಂದನ್ನು ತೆಗೆದು ಅವಳ ಎಡಗೈಯಲ್ಲಿಟ್ಟರು. ಮಾವ ಅಲ್ಲೇ ಇದ್ದರು.

ಆವತ್ತಿನಿಂದ ಅವರದು ಇದೇ ಮಾತು. "ಹನ್ನೊಂದು ವರ್ಷ ಜೋಪಾನ ಮಾಡಿದ್ಲು. ಹೆಂಗೆ ಕಳಕೊಂಡ್ಲು? ನನಗೊಂದು ಮಾತು ಹೇಳಬಾರದಿತ್ತಾ? ನಾನೇನು ಹೊಡೀತಿದ್ನಾ?" ನನ್ನ ಗಂಡ ವೀರೇಶ್, "ಅಪ್ಪಾಜಿ, ಲಿಂಗ ಅಂದ್ರೆ ಲಿಂಗ. ಹೊಸದಾದ್ರೇನು, ಹಳೇದಾದ್ರೇನು?" ಎಂದರೆ, "ಅದು ಆಕಿ ಅಂಗೈ ಬಿಸಿ ಕಂಡಿದ್ದಪ್ಪ. ಇದಕ್ಕೆ ಆಕಿ ಯಾರು ಅಂತ ಗೊತ್ತೈತಾ?" ಎನ್ನುತ್ತಾರೆ.

ಪ್ರತಿ ಸೋಮವಾರ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಎಂಟೂಕಾಲರ ಬಸ್ಸಿನ ಕಂಡಕ್ಟರ್ ಹಾಲಸ್ವಾಮಿಯನ್ನು ವಿಚಾರಿಸಲು. ಹೋದ ವಾರ ನಾನೂ ಜೊತೆಗಿದ್ದೆ.

"ಸಿಕ್ತೇನಪ್ಪ?"

"ಇಲ್ರಿ ಅಜ್ಜಾರೆ. ಸೀಟಿನ ಸಂದಿ ಎಲ್ಲಾ ನೋಡೀನಿ. ಸಿಕ್ರೆ ಮನಿಗೆ ತಂದು ಕೊಡ್ತೀನ್ರಿ. ನೀವು ಈ ವಯಸ್ನಾಗ ಓಡಾಡಬ್ಯಾಡ್ರಿ."

"ಓಡಾಟ ಏನು ಬಂತು, ಸೋಮವಾರ ಅಷ್ಟೆ. ಗುರುತು ಹೇಳೀನಲ್ಲ, ಮುಚ್ಚಳದ ಮ್ಯಾಲೆ ಸಣ್ಣ ನಗ್ಗು ಐತೆ. ಸಣ್ಣಾಕಿದ್ದಾಗ ಕಚ್ಚಿದ್ಲು."

ಹಾಲಸ್ವಾಮಿ ನನ್ನ ಮುಖ ನೋಡಿದ. ನಾನು ಬಸ್ಸಿನ ಬೋರ್ಡು ಓದುತ್ತಾ ನಿಂತೆ.

ಆರನೇ ಭಾಗವನ್ನು ಮೊನ್ನೆ ಮುಗಿಸಿದೆ. ಲೇಖಕಿ ಈ ಸಲವೂ ಉತ್ತರ ಕೊಟ್ಟಿಲ್ಲ. ಮೀರೆನ್ ಇನ್ನೂ ಕಣಿವೆಯಲ್ಲೇ ಇದ್ದಾಳೆ. ಪುಸ್ತಕ ಮುಚ್ಚಿದಾಗ ನನಗೆ ಸಮಾಧಾನವಾಯಿತು, ಬುಷ್ರಾ. ಯಾಕೆ ಸಮಾಧಾನ ಎಂದು ಕೇಳಿಕೊಂಡ ಮೇಲೆ ಆ ದಿನ ಊಟ ಸೇರಲಿಲ್ಲ. ಆತ್ಮ, ಕಣಿವೆ ಇವನ್ನೆಲ್ಲ ನಾನು ನಂಬುವವಳಲ್ಲ. ನಂಬದವಳು ಒಂದು ಕಟ್ಟುಕಥೆಯ ಹುಡುಗಿ ದಾಟಿದಳೋ ಇಲ್ಲವೋ ಎಂದು ಆರು ನೂರು ಪುಟ ಯಾಕೆ ಓದಬೇಕಿತ್ತು? ಗುಂಪಿನವರು ಇವಳ ಹೆಸರಿಗೆ ಬರೆಯುತ್ತಲೇ ಇದ್ದಾರೆ: ಎಲ್ಲಿದ್ದೀಯ, ನಿನ್ನ ಥಿಯರಿ ಇನ್ನೂ ಸೋತಿಲ್ಲ ಎಂದು. ಏನು ಉತ್ತರಿಸಲಿ?

ನೀನು, ಮನೆಯವರು ಎಲ್ಲ ತಣ್ಣಗಿರಿ. ಸುಮೈರಾಳ ತಲೆಯ ಮೇಲೆ ನನ್ನ ಪರವಾಗಿ ಒಂದು ಗಳಿಗೆ ಕೈ ಇಡು. ಅವಳು ಕಥೆ ಹೇಳಲು ಬಂದರೆ ಕೆಲಸ ಬಿಟ್ಟು ಕೂತು ಕೇಳು.

ನಿನ್ನ
ನಯನಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲಾಗಿರಲಿಲ್ಲ. ರಶ್ಮಿತಾ ಏನನ್ನೂ ಕಳೆದುಕೊಂಡಿರಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗಿಗೆ ಒಯ್ಯುವಾಗ ನರ್ಸ್ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಜ್ವರದ ಮೈಯ ಮೇಲಿದ್ದ ಬೆಳ್ಳಿ, ಬಿಸಿಯಾಗಿತ್ತು. ಅಯ್ಯನವರು ಕೇಳಿದಾಗ ಅದು ನನ್ನ ಬ್ಯಾಗಿನಲ್ಲೇ ಇತ್ತು. ಕೊಡಲಾಗಲಿಲ್ಲ. ಈಗಲೂ ಅಲ್ಲೇ ಇದೆ, ಕೀಲಿ ಗೊಂಚಲಿಗೆ ತಾಗಿ ಸದ್ದಾಗದಿರಲೆಂದು ಕರ್ಚೀಫಿನಲ್ಲಿ ಸುತ್ತಿಟ್ಟಿದ್ದೇನೆ. ಅವಳ ಥಿಯರಿಯ ಕೊನೆಯ ಸಾಲು ಹೀಗಿದೆ: "ಆ ತಾಯಿ ಕೆಟ್ಟವಳಲ್ಲ, ಅವಳಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು." ನನ್ನ ಮಗಳು ನನ್ನನ್ನು ಕ್ಷಮಿಸಿಯೇ ಹೋಗಿದ್ದಾಳೆ ಎಂದುಕೊಳ್ಳಬಹುದು. ಆದರೆ ಮಾವ ಅವಳನ್ನು ಇನ್ನೂ ಕ್ಷಮಿಸಿಲ್ಲ, ಅವಳು ಮಾಡದ ತಪ್ಪಿಗೆ. ನಾಳೆ ಸೋಮವಾರ. ಅವರ ಅಂಗಿಯನ್ನು ನಾನೇ ಇಸ್ತ್ರಿ ಮಾಡಿಟ್ಟಿದ್ದೇನೆ. ಅವರು ಚಪ್ಪಲಿ ಮೆಟ್ಟುವ ಮೊದಲು ಹೇಳಬೇಕು.