ಅರ್ಧ ಸೂಜಿಗೆ ಬಗ್ಗದ ರೋಗ

ಶಿಕಾರಿಪುರ ತಾಲ್ಲೂಕು, ೧೯೫೮

ಔಷಧ ಹಂಚಿಕೆಯ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಮ್ಮ ಸೀಮೆಯ ಗೊನೋರಿಯಾ ಪೆನಿಸಿಲಿನ್‌ಗೆ ಬಗ್ಗುತ್ತಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಸೂಜಿಗೆ ಮರುದಿನವೇ ಕೀವು ನಿಲ್ಲುತ್ತಿತ್ತು; ಈಗ ಮೂರಕ್ಕೂ ನಿಲ್ಲುವುದಿಲ್ಲ. ಬರೆದು ತಿಳಿಸಿದರೆ, "ಮದ್ದು ಸರಿಯಿದೆ, ರೋಗಿಗಳ ನಡತೆ ಸರಿಯಿಲ್ಲ" ಎಂದು ತಮ್ಮ ಉತ್ತರ ಬಂತು. ಅಷ್ಟು ದೂರದಿಂದಲೇ ನಡತೆಯನ್ನು ಪರೀಕ್ಷಿಸಬಲ್ಲ ತಾವು ಕೀವನ್ನೇಕೆ ಪರೀಕ್ಷಿಸಲಿಲ್ಲ? ಒಂದು ಬಾಟಲಿಯನ್ನು ಇಬ್ಬರಿಗೆ ಹಾಕಿ ಎಂಬ ಸುತ್ತೋಲೆಯೂ ತಮ್ಮದೇ. ವರದಿಯಲ್ಲಿ ಗುಣವಾದವರು ಇಮ್ಮಡಿಯಾದರು. ಅರೆಪೆಟ್ಟು ತಿಂದು ಬದುಕಿದ ರೋಗಾಣು ಮದ್ದನ್ನು ತಾಳಿಕೊಳ್ಳಲು ಕಲಿಯುತ್ತದೆ ಎಂದು ನಮ್ಮ ಡಾಕ್ಟರು ಎಚ್ಚರಿಸಿದರು. ಅವರಿಗೆ ವರ್ಗವಾಯಿತು.

ಇನ್ನು ನನ್ನ ತಪ್ಪು. ಕಳೆದ ವರ್ಷ ಶಿರಾಳಕೊಪ್ಪದ ಸಂತೆಯ ದಿನ ಕುರಿಗಾರ ಚಿಕ್ಕಬೀರಪ್ಪ ಇದೇ ರೋಗ ಹತ್ತಿಸಿಕೊಂಡು ನಮ್ಮ ದವಾಖಾನೆಗೆ ಬಂದ. ಹೆಂಡತಿಗೂ ಸೂಜಿ ಹಾಕಬೇಕು, ಕರೆದುಕೊಂಡು ಬಾ ಎಂದೆ. ನಮ್ಮಲ್ಲಿ ನರ್ಸ್ ಇಲ್ಲ, ಮರೆಯಿಲ್ಲ. ಹೆಣ್ಣಿನ ಹೆಸರು, ಗಂಡನ ಹೆಸರು, ಊರು ಎಲ್ಲವನ್ನೂ ಜಗಲಿಯಲ್ಲಿ ನಿಂತು ಕೂಗಬೇಕೆಂಬುದು ನಿಯಮ.

"ಆಕಿ ಬರಂಗಿಲ್ರೀ. ಆಕಿ ಪಾಲಿಂದೂ ನನಗೇ ಹಾಕ್ರಿ. ಆಕಿ ಹರಕಿ ನಾನು ತೀರ್ಸಿದ್ರೆ ದೇವ್ರು ಒಪ್ಕೊಳ್ತಾನಲ್ರೀ?" ಎಂದ.

ಸಾಲು ಬೆಳೆದಿತ್ತು. ನಾನು ನಗುತ್ತ ಎರಡು ಅರ್ಧವನ್ನೂ ಅವನಿಗೇ ಚುಚ್ಚಿ, ಪುಸ್ತಕದಲ್ಲಿ ಇಬ್ಬರೂ ಗುಣವೆಂದು ಬರೆದೆ.

ಅವನ ಹೆಂಡತಿ ತಾಯಮ್ಮ ಹೆತ್ತ ಮೂರನೆಯ ದಿನ ಕೂಸಿನ ಎರಡೂ ಕಣ್ಣು, ಹೆರಿಗೆಯಲ್ಲಿ ತಾಯಿಯಿಂದ ಅಂಟಿದ ಅದೇ ರೋಗಕ್ಕೆ, ಕೀವುಗಟ್ಟಿ ಮುಚ್ಚಿಕೊಂಡವು. ಆಗ ಅವಳು ಜಗಲಿಯನ್ನು ಲೆಕ್ಕಿಸದೆ ಓಡಿಬಂದಳು. ತಾಯಿಗೂ ಕೂಸಿಗೂ ಪೆನಿಸಿಲಿನ್ ಪೂರಾ ಅಳತೆಯಲ್ಲೇ ಕೊಟ್ಟೆವು. ನಾಟಲಿಲ್ಲ. ಬೇರೆ ಮದ್ದಿಗೆ ತಂತಿ ಕಳಿಸಿದ ಹನ್ನೊಂದನೆಯ ದಿನ ತಾವು ಒಂದೇ ಒಂದು ಬಾಟಲಿ ಕಳಿಸಿದಿರಿ. ಅದು ಕೂಸಿಗೇ ಮುಗಿಯಿತು, ಕಣ್ಣು ಮಾತ್ರ ಅಷ್ಟರಲ್ಲೇ ಹೋಗಿದ್ದವು.

"ಕೂಸು ಏನ್ ಮಾಡಿತ್ರೀ ಅಣ್ಣಾ?" ಎಂದು ತಾಯಮ್ಮ ಕೇಳಿದಳು. ನನಗೆ ನಾಚಿಕೆಯಾಯಿತು, ಇಂದಿಗೂ ಆಗುತ್ತಿದೆ. ತಾವಾದರೂ ಹೇಳಿ, ಮೂರು ದಿನದ ಹೆಣ್ಣುಕೂಸಿನ ನಡತೆಯಲ್ಲಿ ಯಾವ ದೋಷ ಕಂಡಿರಿ?

ಆ ಸುತ್ತೋಲೆಯನ್ನು ಹಿಂದಕ್ಕೆ ಪಡೆಯಿರಿ. ಒಬ್ಬ ನರ್ಸ್, ಬಾಗಿಲಿರುವ ಒಂದು ಕೋಣೆ ಕೊಡಿ. ಯಾವ ಮದ್ದು ಇನ್ನೂ ನಾಟುತ್ತದೆ ಎಂದು ಕೀವು ಪರೀಕ್ಷಿಸಿ ಹೇಳಿ, ಅದನ್ನು ಪೂರಾ ಅಳತೆಯಲ್ಲಿ ಕಳಿಸಿ. 'ಪರಿಶೀಲನೆಯಲ್ಲಿದೆ' ಎಂದು ಮಾತ್ರ ಬರೆಯಬೇಡಿ. ತಾಯಮ್ಮನ ರೋಗ ಇನ್ನೂ ಹೋಗಿಲ್ಲ. ಅವಳೀಗ ಮತ್ತೆ ಐದು ತಿಂಗಳ ಬಸುರಿ. ತಮಗೆ ಉಳಿದಿರುವುದು ನಾಲ್ಕೇ ತಿಂಗಳು.

ಇಂತಿ,
ಈ ಪತ್ರ ಅಚ್ಚಾದ ಮೇಲೆ ಕೆಲಸದಲ್ಲಿ ಇರುವೆನೋ ಇಲ್ಲವೋ ತಿಳಿಯದ
ಒಬ್ಬ ಕಂಪೌಂಡರ್